ಪೌಲಾ ಮೋಡರ್‌ಸೋನ್-ಬೆಕರ್ ಬರೆದ ಮಕ್ಕಳು ಏಕೆ ನಗುವುದಿಲ್ಲ?

ಚಿತ್ರದ ಮೇಷ್ಟ್ರು
ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ಮಕ್ಕಳ ಭಾವಚಿತ್ರದ ಪಾಠಕ್ಕೆಂದು ಜರ್ಮನಿಯ ಪೌಲಾ ಮೋಡರ್‌ಸೋನ್-ಬೆಕರ್ (1876–1907) ಅವರ ಕೆಲವು ಚಿತ್ರಗಳ ಮುದ್ರಿತ ಪ್ರತಿಗಳನ್ನು ತರಗತಿಯ ಗೋಡೆಗೆ ಹಚ್ಚಿದೆ. ಅದರಲ್ಲಿ ಒಂದು ಸುಮಾರು 1905ರದ್ದು. ಒಬ್ಬ ಹುಡುಗಿ ಎದೆಯ ಮೇಲೆ ಕೈಯಿಟ್ಟು ಐದೂ ಬೆರಳುಗಳನ್ನು ಅಗಲಿಸಿಕೊಂಡಿದ್ದಾಳೆ. ಬೆರಳುಗಳು ದಪ್ಪ, ಕಣ್ಣುಗಳು ದೊಡ್ಡವು. ಮುಖದಲ್ಲಿ ನಗೆಯೂ ಇಲ್ಲ, ಅಳುವೂ ಇಲ್ಲ.

ವಿದ್ಯಾರ್ಥಿಗಳು ಅದರ ಮುಂದೆ ಬಹಳ ಹೊತ್ತು ನಿಂತರು. ಒಬ್ಬಳು ತನ್ನ ಕೈಯನ್ನೂ ಹಾಗೆಯೇ ಇಟ್ಟು ನೋಡಿಕೊಂಡಳು. ಆದರೆ ಸಹೋದ್ಯೋಗಿಗಳ ಆಕ್ಷೇಪ ನಿಂತಿಲ್ಲ. ಮಕ್ಕಳೆಂದರೆ ಮುದ್ದಾಗಿರಬೇಕು, ಇವು ಪೆದ್ದು ಮುಖಗಳು, ಮಕ್ಕಳಿಗೆ ತೋರಿಸುವಂಥವಲ್ಲ ಎನ್ನುತ್ತಾರೆ. ಈಕೆ ಮಕ್ಕಳನ್ನು ಹೀಗೇಕೆ ಬರೆದರು? ಜೀವನದಲ್ಲಿ ಏನಾದರೂ ಕಾರಣವಿತ್ತೇ? ತಿಳಿದವರು ಹೇಳಿ.

ಗೋಡೆಗಡಿಯಾರ
ಸಹೋದ್ಯೋಗಿಗಳು ಹೇಳಿದ್ದರಲ್ಲಿ ತಪ್ಪೇನಿದೆ ಸರ್? ನಾನೂ ಈಗಷ್ಟೇ ಹುಡುಕಿ ನೋಡಿದೆ. ಒಂದು ಮಗುವೂ ಚೆನ್ನಾಗಿ ಕಾಣುವುದಿಲ್ಲ.

ಬಣ್ಣದ ಬುಟ್ಟಿ
ಚೆನ್ನಾಗಿ ಕಾಣಬೇಕೆಂದು ಅಪ್ಪಣೆ ಕೊಟ್ಟವರು ಯಾರು? ಮಕ್ಕಳ ಭಾವಚಿತ್ರ ಬರೆದೇ ನಾನು ಹೊಟ್ಟೆ ಹೊರೆಯುತ್ತಿರುವುದು. ತಂದೆ ತಾಯಂದಿರು ಮೊಬೈಲಿನ ಫೋಟೊ ತರುತ್ತಾರೆ. ಅದರಲ್ಲಿ ಮಗು ಬೇಸತ್ತು ಕೂತಿರುತ್ತದೆ. ‘ಮೇಡಂ, ಸ್ವಲ್ಪ ನಗುತ್ತಿರುವಂತೆ ಮಾಡಿ, ಬಣ್ಣ ಸ್ವಲ್ಪ ಬೆಳ್ಳಗೆ ಮಾಡಿ’ ಎನ್ನುತ್ತಾರೆ. ಕೊನೆಗೆ ಗೋಡೆಗೆ ಏರುವುದು ಅವರ ಮಗುವಲ್ಲ, ಬಿಸ್ಕತ್ತಿನ ಪೊಟ್ಟಣದ ಮೇಲಿನ ಮಗು. ಪೌಲಾ ಅವರ ಹುಡುಗಿಯರು ನನಗೆ ಇಷ್ಟವಾಗುವುದು ಇದಕ್ಕೇ. ಅವರು ನೋಡುವವರನ್ನು ಓಲೈಸುವುದಿಲ್ಲ.

ಬ್ರೆಮನ್ ಕನ್ನಡಿಗ
ಮೇಷ್ಟ್ರೇ, ಕೆಲಸದ ನಿಮಿತ್ತ ಬ್ರೆಮನ್ ನಗರದಲ್ಲಿದ್ದೇನೆ. ಇಲ್ಲಿ ಆಕೆ ಮನೆಮಾತು. ಹುಟ್ಟಿದ್ದು ಡ್ರೆಸ್ಡನ್‌ನಲ್ಲಿ, 1876ರ ಫೆಬ್ರವರಿ 8ರಂದು, ಏಳು ಮಕ್ಕಳಲ್ಲಿ ಮೂರನೆಯವಳಾಗಿ. ತಂದೆ ರೈಲ್ವೆ ಎಂಜಿನಿಯರ್. 1888ರಲ್ಲಿ ಕುಟುಂಬ ಬ್ರೆಮನ್‌ಗೆ ಬಂತು. ಹದಿನಾರನೇ ವಯಸ್ಸಿನಲ್ಲಿ ಇಂಗ್ಲೆಂಡಿನ ಸೋದರತ್ತೆಯ ಮನೆಗೆ ಹೋಗಿದ್ದಾಗ ಲಂಡನ್ನಿನಲ್ಲಿ ಚಿತ್ರಕಲೆ ಕಲಿತರು. ತಂದೆಗೆ ಮಗಳ ಹೊಟ್ಟೆಪಾಡಿನ ಚಿಂತೆ. ಅವರ ಒತ್ತಾಯಕ್ಕೆ ಶಿಕ್ಷಕಿಯ ತರಬೇತಿ ಪಡೆದು 1895ರಲ್ಲಿ ಪರೀಕ್ಷೆ ಪಾಸು ಮಾಡಿದರು. ಆದರೆ ಪಾಠ ಹೇಳಲು ಹೋಗದೆ ಮರುವರ್ಷ ಬರ್ಲಿನ್‌ಗೆ ಹೋಗಿ, ಅಲ್ಲಿನ ಕಲಾವಿದೆಯರ ಸಂಘ ನಡೆಸುತ್ತಿದ್ದ ಶಾಲೆ ಸೇರಿದರು. ಆಗ ಬರ್ಲಿನ್ನಿನ ಸರ್ಕಾರಿ ಕಲಾ ಅಕಾಡೆಮಿಯಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಆ ಬಾಗಿಲು ತೆರೆದದ್ದು 1919ರಲ್ಲಿ.

ಮಕ್ಕಳ ವಿಷಯಕ್ಕೆ ಬಂದರೆ, ಎಲ್ಲ ಶುರುವಾದದ್ದು ವೋರ್ಪ್ಸ್‌ವೇಡೆ ಎಂಬ ಹಳ್ಳಿಯಲ್ಲಿ. ಬ್ರೆಮನ್‌ನಿಂದ ಬಸ್ಸಿನಲ್ಲಿ ಒಂದು ಗಂಟೆಯೂ ಹಿಡಿಯದ ದೂರ. ಸುತ್ತಲೂ ಜೌಗು ನೆಲ. ಅಲ್ಲಿನ ಪೀಟ್ ಮಣ್ಣನ್ನು ಕೊಯ್ದು ಒಣಗಿಸಿ ಉರುವಲಾಗಿ ಮಾರುವುದು ಆ ಕಾಲದ ಬಡವರ ಕಸುಬು. 1898ರಲ್ಲಿ ಪೌಲಾ ಅಲ್ಲಿ ನೆಲೆಸಿ ಚಿತ್ರಕಾರ ಫ್ರಿಟ್ಸ್ ಮಾಕೆನ್ಸೆನ್ ಬಳಿ ಕಲಿಯತೊಡಗಿದರು. ಚಿತ್ರಕ್ಕೆ ಕೂರಲು ಸಿಗುತ್ತಿದ್ದವರು ಆ ಬಡವರ ಮಕ್ಕಳು ಮತ್ತು ಊರ ಬಡವರ ಆಶ್ರಯಧಾಮದ ಮುದುಕಿಯರು. ಆ ಮಕ್ಕಳು ರೇಷ್ಮೆ ಅಂಗಿ ಹಾಕಿಕೊಂಡು ನಗುತ್ತಾ ಕೂರುವವರಲ್ಲ ಸರ್. ಮನೆಗೆಲಸ ಮಾಡಿ, ತಮ್ಮ ತಂಗಿಯರನ್ನು ಸೊಂಟದ ಮೇಲೆ ಹೊತ್ತು ಬೆಳೆದವರು.

ಹಳೆಯ ಓದುಗ
ಇನ್ನೊಂದು ಸಂಗತಿ ಸೇರಿಸುತ್ತೇನೆ. ಪೌಲಾ ಹತ್ತು ವರ್ಷದವಳಿದ್ದಾಗ ಡ್ರೆಸ್ಡನ್ ಹತ್ತಿರ ಮರಳುಗುಂಡಿಯೊಂದು ಕುಸಿದು, ಜೊತೆಗೆ ಆಡುತ್ತಿದ್ದ ಬಂಧುವಿನ ಮಗಳು ಅದರಡಿ ಸಿಕ್ಕಿ ತೀರಿಹೋದಳು. ಕಣ್ಣೆದುರಿನಲ್ಲೇ ನಡೆದದ್ದು. ಮುಂದೆ ಕವಿ ರಿಲ್ಕೆಗೆ ಇದನ್ನು ಹೇಳಿಕೊಂಡಿದ್ದರು. ಮಕ್ಕಳು ನಗದಿರುವುದಕ್ಕೆ ಇದೇ ಕಾರಣ ಎನ್ನಬಹುದೇನೋ.

ಬಣ್ಣದ ಬುಟ್ಟಿ
ಒಪ್ಪುವುದಿಲ್ಲ. ಹೆಣ್ಣು ಬರೆದ ಚಿತ್ರದಲ್ಲಿ ಏನಾದರೂ ಗಾಂಭೀರ್ಯ ಕಂಡರೆ ಸಾಕು, ಅವಳ ಬಾಲ್ಯದ ದುಃಖ ಹುಡುಕಲು ಹೊರಡುತ್ತೇವೆ. ಫ್ರೆಂಚ್ ಚಿತ್ರಕಾರ ಸೆಜಾನ್ ಬರೆದ ಇಸ್ಪೀಟು ಆಟಗಾರರೂ ನಗುವುದಿಲ್ಲ. ಅವನ ಬಾಲ್ಯದ ಸಾವು ನೋವು ಯಾರಾದರೂ ಹುಡುಕಿದ್ದಾರೆಯೇ? ಇದು ಚಿತ್ರಕಾರಳೊಬ್ಬಳು ಯೋಚಿಸಿ ಮಾಡಿದ ತೀರ್ಮಾನ.

ಇತಿಹಾಸದ ಹುಚ್ಚು
ಬಣ್ಣದ ಬುಟ್ಟಿಯವರ ಮಾತಿಗೆ ಆಧಾರವಿದೆ. ಪೌಲಾ ಪ್ಯಾರಿಸ್ಸಿಗೆ ನಾಲ್ಕು ಸಲ ಹೋದರು: 1900, 1903, 1905, ಮತ್ತೆ 1906ರಲ್ಲಿ. ಮೊದಲ ಸಲ ಹೊರಟದ್ದು 1899ರ ಡಿಸೆಂಬರ್ 31ರ ರಾತ್ರಿಯ ರೈಲಿನಲ್ಲಿ, ಶತಮಾನದ ಅಂಕಿ ಬದಲಾಗುವ ಹೊತ್ತಿಗೆ ಸರಿಯಾಗಿ. ಅಲ್ಲಿ ಕೊಲರೋಸಿ ಅಕಾಡೆಮಿಯಲ್ಲಿ ಕಲಿತರು, ಚಿತ್ರ ವ್ಯಾಪಾರಿ ವೊಲಾರ್‌ನ ಅಂಗಡಿಯಲ್ಲಿ ಸೆಜಾನ್‌ನ ಚಿತ್ರಗಳನ್ನು ಕಂಡರು. 1903ರಲ್ಲಿ ಅಲ್ಲಿನ ವಸ್ತುಸಂಗ್ರಹಾಲಯ ಲೂವ್ರ್‌ನಲ್ಲಿ ಈಜಿಪ್ಟಿನ ಫಯೂಮ್ ಭಾವಚಿತ್ರಗಳನ್ನು ಕಂಡದ್ದು ಅವರ ಕೈಯನ್ನೇ ಬದಲಿಸಿತು. ಸುಮಾರು ಎರಡು ಸಾವಿರ ವರ್ಷ ಹಿಂದೆ ಸತ್ತವರ ಮಮ್ಮಿಯ ಮುಖದ ಮೇಲೆ ಕಟ್ಟಲೆಂದು ಹಲಗೆಯ ಮೇಲೆ ಬರೆದ ಮುಖಗಳು ಅವು. ಅಗಲವಾದ ಕಣ್ಣು, ನೇರ ನೋಟ, ಹಿನ್ನೆಲೆ ಖಾಲಿ. ಮೇಷ್ಟ್ರ ಗೋಡೆಯ ಮೇಲಿನ ಹುಡುಗಿಯನ್ನು ಒಂದು ಫಯೂಮ್ ಮುಖದ ಪಕ್ಕದಲ್ಲಿಟ್ಟು ನೋಡಿ, ನೆಂಟಸ್ತಿಕೆ ತಾನಾಗಿ ಕಾಣುತ್ತದೆ.

ಗೋಡೆಗಡಿಯಾರ
ಫಯೂಮ್ ಮುಖಗಳನ್ನು ನೋಡಿದೆ. ಅವು ಬಹಳ ಚೆನ್ನಾಗಿವೆ. ಆ ಕೌಶಲ ಇವರಲ್ಲಿಲ್ಲ. ಕೈ ಬರೆಯಲು ಬಾರದವರ ಕೈಯಂತಿದೆ ಆ ಹುಡುಗಿಯ ಕೈ.

ಇತಿಹಾಸದ ಹುಚ್ಚು
ನಿಮ್ಮ ಮಾತನ್ನೇ ಗಂಡನೂ ಬರೆದಿಟ್ಟಿದ್ದಾನೆ! ಒಟ್ಟೊ ಮೋಡರ್‌ಸೋನ್ ತಾನೂ ಹೆಸರಾಂತ ಚಿತ್ರಕಾರ. 1903ರ ದಿನಚರಿಯಲ್ಲಿ ಪೌಲಾ ಬರೆಯುವ ಮನುಷ್ಯರ ಕೈಗಳು ಚಮಚದಂತೆ, ಬಾಯಿಗಳು ಗಾಯದಂತೆ ಇವೆ ಎಂದು ಗೊಣಗಿದ್ದಾನೆ. ಅದಕ್ಕೂ ಮೊದಲು, 1899ರ ಕೊನೆಯಲ್ಲಿ ಬ್ರೆಮನ್ ಕಲಾಮಂದಿರದಲ್ಲಿ ಆಕೆಯ ಚಿತ್ರಗಳನ್ನಿಟ್ಟಾಗ ಆರ್ಥರ್ ಫಿಟ್ಗರ್ ಎಂಬ ವಿಮರ್ಶಕ ಪತ್ರಿಕೆಯಲ್ಲಿ ಎಷ್ಟು ಕೆಟ್ಟದಾಗಿ ಬರೆದನೆಂದರೆ ಚಿತ್ರಗಳನ್ನು ಕೆಳಗಿಳಿಸಬೇಕಾಯಿತು.

ತುಂಗಾತೀರ
ಒಟ್ಟೊನನ್ನು ಖಳನಾಯಕ ಮಾಡಬೇಡಿ. ಅದೇ ದಿನಚರಿಯ ಬೇರೆ ಪುಟಗಳಲ್ಲಿ ಹೆಂಡತಿಯ ಪ್ರತಿಭೆಯನ್ನು ಮನಸಾರೆ ಹೊಗಳಿದ್ದಾನೆ. ಪ್ಯಾರಿಸ್ಸಿಗೆ ಹಣ ಕೊಟ್ಟವನೂ ಅವನೇ. ಅವನನ್ನು ಬಿಟ್ಟು ಹೋದ ಮೇಲೂ ಆಕೆ ಹಣ ಕೇಳಿ ಬರೆಯುತ್ತಿದ್ದಳು, ಅವನು ಕಳುಹಿಸುತ್ತಿದ್ದನು. 1900ರ ಆಸುಪಾಸಿನಲ್ಲಿ ಇಷ್ಟು ಮಾಡಿದ ಗಂಡಂದಿರು ಎಷ್ಟು ಜನ?

ಬಣ್ಣದ ಬುಟ್ಟಿ
ತುಂಗಾತೀರ ಅವರೇ, ಹಣ ಕೊಟ್ಟದ್ದು ನಿಜ. ಆದರೆ 1901ರಲ್ಲಿ ಮದುವೆಗೆ ಮುನ್ನ ತಂದೆ ತಾಯಿ ಹುಡುಗಿಯನ್ನು ಅಡುಗೆ ಕಲಿಯಲೆಂದು ಬರ್ಲಿನ್‌ಗೆ ಕಳುಹಿಸಿದ್ದೂ ನಿಜ. ಆ ವರ್ಷ ಮೇ 25ರಂದು ಮದುವೆ. ಮದುವೆಯ ನಂತರ ಮನೆಗೆಲಸ ಮುಗಿಸಿ, ಬ್ರ್ಯೂನ್ಯೆಸ್ ಎಂಬ ರೈತ ಕುಟುಂಬದ ಮನೆಯಲ್ಲಿ ಬಾಡಿಗೆಗೆ ಹಿಡಿದ ಕೋಣೆಗೆ ಹೋಗಿ ಬರೆಯುತ್ತಿದ್ದರು.

ಕಡಲತೀರ
ಅವರಿಗೆ ಮಕ್ಕಳಿದ್ದರೇ? ತಾಯಿಯಾದವಳು ಮಕ್ಕಳನ್ನು ನೋಡುವ ರೀತಿಯೇ ಬೇರೆ ಅಲ್ಲವೇ?

ಬ್ರೆಮನ್ ಕನ್ನಡಿಗ
ಮಲಮಗಳಿದ್ದಳು. ಒಟ್ಟೊನ ಮೊದಲ ಹೆಂಡತಿ 1900ರಲ್ಲಿ ತೀರಿಕೊಂಡಾಗ ಎಲ್ಸ್‌ಬೆತ್‌ಗೆ ಎರಡು ವರ್ಷ. ಆಕೆಯನ್ನು ಸಾಕಿದ್ದು ಪೌಲಾ. ತೋಟದಲ್ಲಿ ನಿಂತ ಎಲ್ಸ್‌ಬೆತ್‌ಳ ಚಿತ್ರ 1902ರದ್ದು. ಪುಟ್ಟ ಹುಡುಗಿ ತನ್ನ ಪಾಡಿಗೆ ತಾನಿದ್ದಾಳೆ, ನೋಡುತ್ತಿರುವವರ ಪರಿವೆಯೇ ಇಲ್ಲ. ಮಕ್ಕಳು ಒಂಟಿಯಾಗಿದ್ದಾಗ ಹೇಗಿರುತ್ತಾರೆಂದು ಬಲ್ಲವರೇ ಹಾಗೆ ಬರೆಯಬಲ್ಲರು.

ಸ್ವಂತ ಮಗಳು ಮಾಟಿಲ್ಡೆ ಹುಟ್ಟಿದ್ದು 1907ರ ನವೆಂಬರ್ 2ರಂದು. ಹದಿನೆಂಟು ದಿನದ ನಂತರ ಪೌಲಾ ತೀರಿಕೊಂಡರು. ಮೂವತ್ತೊಂದು ವರ್ಷ. ಅಂದರೆ ಮಕ್ಕಳ ಚಿತ್ರಗಳೆಲ್ಲವೂ ಅದಕ್ಕೂ ಮುಂಚಿನವು. ಕಡಲತೀರ ಅವರ ಪ್ರಶ್ನೆಗೆ ಇದೇ ಉತ್ತರ.

ಕಡಲತೀರ
ಅಯ್ಯೋ. ಹದಿನೆಂಟು ದಿನವೇ? ಏನಾಯಿತು?

ಹೆರಿಗೆ ವಾರ್ಡ್
ವೃತ್ತಿಯಿಂದ ಪ್ರಸೂತಿ ತಜ್ಞೆ, ಹಾಗಾಗಿ ನಾನು ಹೇಳುತ್ತೇನೆ. ಹೆರಿಗೆ ಕಷ್ಟದ್ದಾಗಿತ್ತು. ಆಮೇಲೆ ಕಾಲುನೋವು ಎಂದರು, ವೈದ್ಯರು ಹಾಸಿಗೆ ಬಿಟ್ಟು ಏಳಕೂಡದೆಂದರು. ಆ ಕಾಲದ ಯೂರೋಪಿನಲ್ಲಿ ಬಾಣಂತಿಯನ್ನು ದಿನಗಟ್ಟಲೆ ಮಲಗಿಸುವುದೇ ಸರಿಯಾದ ಆರೈಕೆ ಎಂಬ ನಂಬಿಕೆಯಿತ್ತು. ಗರ್ಭಿಣಿಯ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುತ್ತದೆ, ಹೆರಿಗೆಯಲ್ಲಿ ಹೆಚ್ಚು ರಕ್ತ ಹೋಗದಿರಲೆಂದು ದೇಹ ಮಾಡಿಕೊಂಡ ಏರ್ಪಾಡು ಅದು. ಆ ಸ್ಥಿತಿಯಲ್ಲಿ ಅಲುಗಾಡದೆ ಮಲಗಿದರೆ ಕಾಲಿನ ಒಳರಕ್ತನಾಳದಲ್ಲಿ ಹೆಪ್ಪು ಕೂರುತ್ತದೆ. ಎದ್ದು ನಡೆದಾಗ ಅದು ಕಳಚಿ ಶ್ವಾಸಕೋಶಕ್ಕೆ ಹೋಗಿ ಕೂತರೆ ನಿಮಿಷಗಳಲ್ಲಿ ಜೀವ ಹೋಗುತ್ತದೆ. ನವೆಂಬರ್ 20ರಂದು ಏಳಲು ಅನುಮತಿ ಸಿಕ್ಕಿತು. ತಲೆ ಬಾಚಿ ಜಡೆ ಸುತ್ತಿಕೊಂಡು, ಮೇಲಂಗಿಗೆ ಗುಲಾಬಿ ಸಿಕ್ಕಿಸಿಕೊಂಡು, ನಡೆದು ಹೋಗಿ ಕುರ್ಚಿಯಲ್ಲಿ ಕೂತು, ಮಗುವನ್ನು ತರಿಸಿಕೊಂಡರು. ಅಲ್ಲಿಯೇ ಕುಸಿದರು. ‘ಛೆ’ ಎನ್ನುವಂಥ ಒಂದು ಮಾತು ಮಾತ್ರ ಹೊರಟಿತಂತೆ.

ಈಗಲೂ ನಮ್ಮ ಕಡೆ ಬಾಣಂತನವೆಂದರೆ ಕೋಣೆ ಬಿಟ್ಟು ಹೊರಬರಬಾರದು, ಕಾಲು ನೆಲಕ್ಕೆ ಸೋಕಬಾರದು ಎನ್ನುವ ಅತ್ತೆಯಂದಿರಿದ್ದಾರೆ. ದಯವಿಟ್ಟು ಕೇಳಿ: ಹೆರಿಗೆಯಾದ ಮೇಲೆ ವೈದ್ಯರು ಎದ್ದು ನಡೆಯಿರಿ ಎಂದರೆ ನಡೆಯಬೇಕು. ಒಂದೇ ಕಾಲು ಊದಿಕೊಂಡು ಮೀನಖಂಡ ನೋಯುತ್ತಿದ್ದರೆ, ಏದುಸಿರು ಬರುತ್ತಿದ್ದರೆ ಎಣ್ಣೆ ಹಚ್ಚಿ ಉಜ್ಜುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಬನ್ನಿ.

ಗೋಡೆಗಡಿಯಾರ
ಡಾಕ್ಟರೇ, ಸಿಸೇರಿಯನ್ ಆದವರೂ ನಡೆಯಬೇಕೇ? ನಮ್ಮ ತಂಗಿಗೆ ಮುಂದಿನ ತಿಂಗಳು ಹೆರಿಗೆ.

ಹೆರಿಗೆ ವಾರ್ಡ್
ಅವರಿಗೆ ಇನ್ನೂ ಮುಖ್ಯ. ಶಸ್ತ್ರಚಿಕಿತ್ಸೆಯಾದವರಲ್ಲಿ ಹೆಪ್ಪುಗಟ್ಟುವ ಅಪಾಯ ಹೆಚ್ಚು. ನೋಡಿಕೊಳ್ಳುವ ವೈದ್ಯರು ಹೇಳಿದ ಹೊತ್ತಿಗೆ ಏಳಿಸಿ ನಡೆಸಿ, ನೀರು ಚೆನ್ನಾಗಿ ಕುಡಿಸಿ.

ತುಂಗಾತೀರ
ಒಟ್ಟೊ ವಿಷಯ ಅರ್ಧಕ್ಕೆ ನಿಂತಿತು. 1906ರ ಫೆಬ್ರವರಿಯಲ್ಲಿ ಪೌಲಾ ಗಂಡನನ್ನು ತೊರೆದು ಪ್ಯಾರಿಸ್ಸಿಗೆ ಹೋದರು. ಆ ತಿಂಗಳು ರಿಲ್ಕೆಗೆ ಬರೆದ ಪತ್ರದಲ್ಲಿ ತಾನೀಗ ಮೋಡರ್‌ಸೋನ್ ಅಲ್ಲ, ಪೌಲಾ ಬೆಕರ್ ಕೂಡ ಅಲ್ಲ, ತಾನು ತಾನೇ, ಇನ್ನೂ ಹೆಚ್ಚು ತಾನಾಗುವ ಆಸೆಯಿದೆ ಎಂದಿದ್ದಾರೆ. ಎಲ್ಲರೂ ಈ ಮಾತಿಗೆ ಮರುಳಾಗುತ್ತಾರೆ. ಅದೇ ಹೊತ್ತಿನಲ್ಲಿ ಏಳೆಂಟು ವರ್ಷದ ಎಲ್ಸ್‌ಬೆತ್ ಒಂದು ತಾಯಿಯನ್ನು ಕಳೆದುಕೊಂಡು ಎರಡನೆಯವಳನ್ನೂ ಕಳೆದುಕೊಂಡಳಲ್ಲ, ಅದನ್ನು ಯಾರೂ ಕೇಳುವುದಿಲ್ಲ. ಮಕ್ಕಳ ಮುಖವನ್ನು ಅಷ್ಟು ಬಲ್ಲವರು ಆ ಮುಖವನ್ನು ಹೇಗೆ ಬಿಟ್ಟು ಹೋದರು?

ಬಣ್ಣದ ಬುಟ್ಟಿ
ಚಿತ್ರಕಾರ ಗೊಗ್ಯಾಂ ಐದು ಮಕ್ಕಳನ್ನು ಬಿಟ್ಟು ತಹೀಟಿಗೆ ಹಡಗು ಹತ್ತಿದ. ಅವನ ಬಗ್ಗೆ ಚರ್ಚೆ ಬಂದಾಗಲೂ ಈ ಪ್ರಶ್ನೆ ಕೇಳಿ, ಆಗ ಉತ್ತರಿಸುತ್ತೇನೆ.

ತುಂಗಾತೀರ
ಅವನನ್ನೂ ಕೇಳುತ್ತೇನೆ. ಅವನು ಮಾಡಿದ್ದು ತಪ್ಪೆಂದು ಇದು ಸರಿಯಾಗುವುದಿಲ್ಲ.

ಹಳೆಯ ಓದುಗ
ಇಬ್ಬರೂ ಒಂದು ಸಂಗತಿ ಗಮನಿಸಿ. ಆ ಪ್ಯಾರಿಸ್ ವರ್ಷದಲ್ಲಿಯೇ ಆಕೆ ತಮ್ಮ ಅತ್ಯುತ್ತಮ ಚಿತ್ರಗಳಲ್ಲಿ ಬಹುಪಾಲನ್ನು ಬರೆದದ್ದು. ಮದುವೆಯ ದಿನದ ನೆನಪಿಗೆ ಮೇ 25ರಂದು ಬರೆದ ಸ್ವಚಿತ್ರ, ಅರ್ಧ ಮುಗಿದ ರಿಲ್ಕೆ ಭಾವಚಿತ್ರ, ತಾಯಿ ಮಗುವಿನ ದೊಡ್ಡ ಚಿತ್ರಗಳು ಎಲ್ಲವೂ ಆಗಿನವು. ಶಿಲ್ಪಿ ಬರ್ನ್‌ಹಾರ್ಡ್ ಹ್ಯೋಟ್ಗರ್ ಅವುಗಳನ್ನು ನೋಡಿ ಹುರಿದುಂಬಿಸಿದ್ದೂ ಆಗಲೇ. ವರ್ಷದ ಕೊನೆಗೆ ಒಟ್ಟೊ ತಾನೇ ಪ್ಯಾರಿಸ್ಸಿಗೆ ಬಂದು ನಿಂತ. 1907ರ ವಸಂತಕ್ಕೆ ಇಬ್ಬರೂ ಒಟ್ಟಿಗೆ ವೋರ್ಪ್ಸ್‌ವೇಡೆಗೆ ಮರಳಿದರು. ಎಲ್ಸ್‌ಬೆತ್‌ಗೆ ಪೌಲಾ ಮತ್ತೆ ಸಿಕ್ಕದ್ದು ಕೆಲವೇ ತಿಂಗಳು ಎಂಬುದು ಸಂಕಟದ ವಿಷಯ. ಆದರೆ ಮಗುವನ್ನು ಬಿಟ್ಟೇ ಬಿಟ್ಟರೆಂಬುದು ಸರಿಯಲ್ಲ.

ಇತಿಹಾಸದ ಹುಚ್ಚು
ರಿಲ್ಕೆಯ ಹೆಸರು ಬಂತಲ್ಲ, ನನ್ನ ಕೋಪ ಅವನ ಮೇಲೆ. ಪೌಲಾ ಅವರ ಆಪ್ತ ಗೆಳತಿ, ಶಿಲ್ಪಿ ಕ್ಲಾರಾ ವೆಸ್ಟ್‌ಹೋಫ್‌ಳನ್ನು ಮದುವೆಯಾದವನು ಅವನು. 1903ರಲ್ಲಿ ವೋರ್ಪ್ಸ್‌ವೇಡೆಯ ಚಿತ್ರಕಾರರ ಕುರಿತು ಒಂದಿಡೀ ಪುಸ್ತಕ ಪ್ರಕಟಿಸಿದ. ಒಟ್ಟೊಗೆ ಅಧ್ಯಾಯವಿದೆ, ಮಾಕೆನ್ಸೆನ್‌ಗೆ ಇದೆ. ಪೌಲಾಗೆ ಇಲ್ಲ! ತೀರಿಕೊಂಡ ಮೇಲೆ 1908ರಲ್ಲಿ ಗೆಳತಿಯೊಬ್ಬಳಿಗೆ ಶೋಕಗೀತೆ ಬರೆದ, ಅದರಲ್ಲೂ ಆಕೆಯ ಹೆಸರು ಹೇಳಲಿಲ್ಲ.

ಹಳೆಯ ಓದುಗ
ಆದರೆ ಆಕೆಯ ಚಿತ್ರವನ್ನು ದುಡ್ಡು ಕೊಟ್ಟು ಕೊಂಡ ಬೆರಳೆಣಿಕೆಯ ಜನರಲ್ಲಿ ಅವನೂ ಒಬ್ಬ. ಜೀವಮಾನದಲ್ಲಿ ಮಾರಾಟವಾದದ್ದೇ ನಾಲ್ಕಾರು. ಅವನು ಕೊಂಡದ್ದು ತಾಯಿಯ ಕೈಯ ಜೊತೆಗಿರುವ ಹಸುಗೂಸಿನ ಚಿತ್ರ. ಅದೂ ನಗದ ಮಗುವೇ.

ಬ್ರೆಮನ್ ಕನ್ನಡಿಗ
ಕ್ಲಾರಾ ವಿಷಯ ಬಂದದ್ದರಿಂದ ಒಂದು ಪ್ರಸಂಗ ಹೇಳಲೇಬೇಕು. 1900ರ ಆಗಸ್ಟ್. ಕುಣಿಯುವ ಹುಮ್ಮಸ್ಸು ಬಂದ ಈ ಗೆಳತಿಯರಿಬ್ಬರೂ ವೋರ್ಪ್ಸ್‌ವೇಡೆಯ ಚರ್ಚಿನ ಗೋಪುರ ಹತ್ತಿ ಗಂಟೆ ಹೊಡೆದರು. ಊರಿಗೆ ಬೆಂಕಿ ಬಿದ್ದಿದೆ ಎಂದುಕೊಂಡು ಜನರೆಲ್ಲ ಓಡಿಬಂದರು. ಪ್ರಾಯಶ್ಚಿತ್ತವಾಗಿ ಚರ್ಚನ್ನು ಅಲಂಕರಿಸಬೇಕಾಯಿತು: ಕ್ಲಾರಾ ಪುಟ್ಟ ದೇವದೂತರ ತಲೆಗಳನ್ನು ಮಾಡಿದರು, ಪೌಲಾ ಹೂವುಗಳನ್ನು ಬರೆದರು. ಈಗಲೂ ಹೋದರೆ ನೋಡಬಹುದು. ಚರ್ಚಿನ ಅಂಗಳದಲ್ಲೇ ಪೌಲಾ ಸಮಾಧಿ. ಹ್ಯೋಟ್ಗರ್ ಕೆತ್ತಿದ ತಾಯಿ ಒರಗಿಕೊಂಡಿದ್ದಾಳೆ, ಮೈಮೇಲೆ ಮಗು ಕೂತಿದೆ.

ಚಿತ್ರದ ಮೇಷ್ಟ್ರು
ಎಲ್ಲರಿಗೂ ಧನ್ಯವಾದ. ಇಷ್ಟೆಲ್ಲ ಬರುತ್ತದೆಂದು ಭಾವಿಸಿರಲಿಲ್ಲ. ಬಣ್ಣದ ಬುಟ್ಟಿಯವರೇ, ಒಂದು ತಾಂತ್ರಿಕ ಪ್ರಶ್ನೆ. ಆ ಮುಖಗಳ ಮೇಲೆ ಗೀರು ಗೀರಾಗಿ ಕಾಣುವುದು ಏನು? ಮುದ್ರಣದ ದೋಷವೋ?

ಬಣ್ಣದ ಬುಟ್ಟಿ
ದೋಷವಲ್ಲ ಮೇಷ್ಟ್ರೇ. ಆಕೆ ಎಷ್ಟೋ ಚಿತ್ರಗಳನ್ನು ರಟ್ಟಿನ ಮೇಲೆ ಬರೆದಿದ್ದಾರೆ. ಬಣ್ಣವನ್ನು ದಪ್ಪವಾಗಿ ಹಚ್ಚಿ, ಹಸಿಯಿರುವಾಗಲೇ ಕುಂಚದ ಹಿಡಿಯನ್ನು ತಿರುಗಿಸಿ ಅದರ ತುದಿಯಿಂದ ಕೆರೆಯುತ್ತಿದ್ದರು. ಹಾಗಾಗಿ ಮುಖದ ಚರ್ಮ ನುಣುಪಾಗಿ ಹೊಳೆಯುವುದಿಲ್ಲ, ಹಳೆಯ ಗಾರೆ ಗೋಡೆಯಂತೆ ತರಿತರಿಯಾಗಿ ಕಾಣುತ್ತದೆ. ವಿದ್ಯಾರ್ಥಿಗಳಿಂದ ಮಾಡಿಸಿ ನೋಡಿ. ರಟ್ಟಿಗೆ ಮೊದಲು ತೆಳುವಾಗಿ ಅಂಟು ಬಳಿದು ಒಣಗಿಸಿ, ಇಲ್ಲದಿದ್ದರೆ ಎಣ್ಣೆಯನ್ನು ಹೀರಿಬಿಡುತ್ತದೆ. ಮುಖವನ್ನು ಹಾಳೆಯ ತುಂಬ ಬರೆಯಲು ಹೇಳಿ. ಪೌಲಾ ಅವರ ಮಕ್ಕಳು ಚೌಕಟ್ಟಿನೊಳಗೆ ಇಕ್ಕಟ್ಟಾಗುವಷ್ಟು ದೊಡ್ಡದಾಗಿರುತ್ತಾರೆ. ಅಷ್ಟು ಹತ್ತಿರ ಹೋದ ಮೇಲೆ ಆಟಿಕೆ, ರಿಬ್ಬನ್ನು, ಕಸೂತಿ ಯಾವುದಕ್ಕೂ ಜಾಗವೇ ಉಳಿಯುವುದಿಲ್ಲ.

ಕಡಲತೀರ
ಆಟಿಕೆಯೇ ಇಲ್ಲ ಎನ್ನಬೇಡಿ. ಬರ್ಚ್ ಮರಗಳ ನಡುವೆ ತುತ್ತೂರಿ ಊದುತ್ತಾ ಹೋಗುವ ಹುಡುಗಿಯ ಚಿತ್ರ ಈಗ ಕಣ್ಣಿಗೆ ಬಿತ್ತು, 1905ರದ್ದಂತೆ. ಬೆಕ್ಕನ್ನು ಅವುಚಿಕೊಂಡವಳೂ ಒಬ್ಬಳಿದ್ದಾಳೆ. ತುತ್ತೂರಿಯವಳು ನಗುತ್ತಿಲ್ಲ, ಆದರೆ ಅವಳಿಗಿಂತ ಸಂತೋಷದ ಮಗುವನ್ನು ನಾನು ಚಿತ್ರದಲ್ಲಿ ಕಂಡಿಲ್ಲ. ಊದುವುದರಲ್ಲಿ ಅಷ್ಟು ಮುಳುಗಿದ್ದಾಳೆ.

ಗೋಡೆಗಡಿಯಾರ
ತುತ್ತೂರಿ ಹುಡುಗಿ ಚೆನ್ನಾಗಿದ್ದಾಳೆ, ಒಪ್ಪುತ್ತೇನೆ. ಉಳಿದವರ ಬಗ್ಗೆ ನನ್ನ ಮಾತು ಅದೇ. ಬಡಮಕ್ಕಳನ್ನು ನಾಲ್ಕು ಕಾಸಿಗೆ ಕೂರಿಸಿ ಬರೆದದ್ದು ಇನ್ನೊಂದು ಪ್ರಶ್ನೆ. ಮಕ್ಕಳ ಸಂಕಟ ಬರೆಯಬೇಕೆಂದರೆ ಜರ್ಮನ್ ಕಲಾವಿದೆ ಕೇಟೆ ಕೊಲ್ವಿಟ್ಸ್ ಇದ್ದಾರೆ. ಹಸಿದ ಜರ್ಮನ್ ಮಕ್ಕಳು ಖಾಲಿ ಬಟ್ಟಲು ಎತ್ತಿ ಹಿಡಿದ ಅವರ 1924ರ ಭಿತ್ತಿಪತ್ರ ನೋಡಿದರೆ ಕರುಳು ಹಿಂಡುತ್ತದೆ.

ಹಳೆಯ ಓದುಗ
ಎರಡರ ಕೆಲಸ ಬೇರೆ. ಕೊಲ್ವಿಟ್ಸ್ ಅವರ ಮಕ್ಕಳು ನಮ್ಮಿಂದ ಏನನ್ನೋ ಕೇಳುತ್ತಾರೆ, ಕೇಳಲೇಬೇಕಾದ ಹೊತ್ತು ಅದು. ಪೌಲಾ ಅವರ ಮಕ್ಕಳು ಏನನ್ನೂ ಕೇಳುವುದಿಲ್ಲ. ಬಡವರ ಮಗುವನ್ನು ಅಯ್ಯೋ ಪಾಪ ಎನ್ನಿಸದಂತೆ ಬರೆಯುವುದು ಬಹಳ ಕಷ್ಟ. ಶೋಷಣೆಯೆಂದು ನನಗನ್ನಿಸುವುದಿಲ್ಲ. ಶ್ರೀಮಂತರ ಮಕ್ಕಳಿಗಷ್ಟೇ ಸಲ್ಲುತ್ತಿದ್ದ ಭಾವಚಿತ್ರದ ಗೌರವವನ್ನು ಪೀಟ್ ಕೊಯ್ಯುವವರ ಮಕ್ಕಳಿಗೆ ಕೊಟ್ಟರು.

ತುಂಗಾತೀರ
ಇದನ್ನು ಒಪ್ಪುತ್ತೇನೆ. ಒಟ್ಟೊ ವಿಷಯದಲ್ಲಿ ಮಾತ್ರ ಒಪ್ಪುವುದಿಲ್ಲ.

ಇತಿಹಾಸದ ಹುಚ್ಚು
ಪೆದ್ದು ಮುಖ ಎನ್ನುವ ಮಾತಿಗೆ ಒಂದು ಕೆಟ್ಟ ಇತಿಹಾಸವಿದೆ, ಅದನ್ನು ಮೇಷ್ಟ್ರ ಸಹೋದ್ಯೋಗಿಗಳಿಗೆ ಹೇಳಿ. ಕಾಫಿ ವ್ಯಾಪಾರಿ ಲುಡ್ವಿಗ್ ರೋಸೆಲಿಯುಸ್ 1927ರಲ್ಲಿ ಬ್ರೆಮನ್‌ನ ಬ್ಯೋಟ್ಷರ್ ಬೀದಿಯಲ್ಲಿ ಪೌಲಾ ಹೆಸರಿನ ವಸ್ತುಸಂಗ್ರಹಾಲಯ ಕಟ್ಟಿಸಿದರು, ವಿನ್ಯಾಸ ಹ್ಯೋಟ್ಗರ್‌ನದು. ಒಬ್ಬ ಚಿತ್ರಕಾರ್ತಿಗೆ ಮೀಸಲಾದ ಜಗತ್ತಿನ ಮೊದಲ ವಸ್ತುಸಂಗ್ರಹಾಲಯ ಅದು. ಹತ್ತು ವರ್ಷ ಕಳೆಯುವುದರೊಳಗೆ ನಾಜಿಗಳು ಆಕೆಯ ಕಲೆಯನ್ನು ‘ಕೆಟ್ಟ ಕಲೆ’ಯ ಪಟ್ಟಿಗೆ ಸೇರಿಸಿ ಜರ್ಮನಿಯ ಸಂಗ್ರಹಾಲಯಗಳಿಂದ ಸುಮಾರು 70 ಚಿತ್ರಗಳನ್ನು ಕಿತ್ತುಹಾಕಿದರು. ಜರ್ಮನ್ ತಾಯಿ, ಜರ್ಮನ್ ಮಗು ಎಂದರೆ ಕೆನ್ನೆ ಕೆಂಪಗೆ, ಮೈ ತುಂಬಿಕೊಂಡು, ನಗುನಗುತ್ತಾ ಇರಬೇಕಿತ್ತು ಅವರಿಗೆ. ಈ ಮಕ್ಕಳು ಹಾಗಿರಲಿಲ್ಲ.

ಗೋಡೆಗಡಿಯಾರ
ನನ್ನನ್ನು ನಾಜಿಗಳ ಸಾಲಿಗೆ ಸೇರಿಸಬೇಡಿ ಸ್ವಾಮಿ. ಇಷ್ಟವಿಲ್ಲ ಎನ್ನುವುದು ಬೇರೆ, ಕಿತ್ತುಹಾಕುವುದು ಬೇರೆ. ಕಿತ್ತುಹಾಕಿ ಎಂದು ನಾನು ಹೇಳುವುದಿಲ್ಲ.

ಇತಿಹಾಸದ ಹುಚ್ಚು
ಸೇರಿಸಲಿಲ್ಲ. ಗೋಡೆಯಿಂದ ತೆಗೆಯಿರಿ ಎನ್ನುವವರಿಗೆ ಹೇಳಿದ್ದು.

ಕಡಲತೀರ
ಮೂವತ್ತೊಂದಕ್ಕೆ ಹೋದವರು ಎಷ್ಟು ಬರೆದಿರಬಹುದು? ನಮ್ಮ ಚಿತ್ರಕಾರ್ತಿ ಅಮೃತಾ ಶೇರ್‌ಗಿಲ್ ನೆನಪಾಗುತ್ತಾರೆ, ಅವರಿಗಿನ್ನೂ ಇಪ್ಪತ್ತೆಂಟು.

ಬ್ರೆಮನ್ ಕನ್ನಡಿಗ
ಸುಮಾರು 750 ವರ್ಣಚಿತ್ರ, ಸಾವಿರಕ್ಕೂ ಹೆಚ್ಚು ರೇಖಾಚಿತ್ರ. ಬರೆಯುವಾಗ ಒಟ್ಟೊಗೂ ಎಲ್ಲವನ್ನೂ ತೋರಿಸುತ್ತಿರಲಿಲ್ಲ. ತೀರಿಕೊಂಡ ಮೇಲೆ ಕೋಣೆಯಲ್ಲಿ ರಾಶಿ ಕಂಡಾಗಲೇ ಗೆಳೆಯರಿಗೆ ಎಷ್ಟು ಬರೆದಿದ್ದಾರೆಂದು ಗೊತ್ತಾದದ್ದು. ಮಗಳು ಮಾಟಿಲ್ಡೆ 1978ರಲ್ಲಿ ತಾಯಿಯ ಹೆಸರಿನಲ್ಲಿ ಪ್ರತಿಷ್ಠಾನ ಸ್ಥಾಪಿಸಿ ತನ್ನ ಬಳಿಯಿದ್ದ ಚಿತ್ರಗಳನ್ನು ಅದಕ್ಕೆ ಕೊಟ್ಟರು.

ಬಣ್ಣದ ಬುಟ್ಟಿ
ಶೇರ್‌ಗಿಲ್ ಹೋಲಿಕೆ ಚೆನ್ನಾಗಿದೆ. 1935ರ ‘ಮೂವರು ಹುಡುಗಿಯರು’ ಚಿತ್ರದಲ್ಲೂ ಯಾರೂ ನಗುವುದಿಲ್ಲ. ಮೇಷ್ಟ್ರೇ, ಅದನ್ನೂ ಪಕ್ಕದಲ್ಲಿ ಹಚ್ಚಿ. ಸಹೋದ್ಯೋಗಿಗಳು ಅದಕ್ಕೂ ಆಕ್ಷೇಪಿಸುತ್ತಾರೋ ನೋಡೋಣ.

ಚಿತ್ರದ ಮೇಷ್ಟ್ರು
ಹಚ್ಚುತ್ತೇನೆ. ರಟ್ಟು ತರಲು ವಿದ್ಯಾರ್ಥಿಗಳಿಗೆ ಹೇಳಿಯಾಗಿದೆ, ಪಕ್ಕದಲ್ಲಿ ಕೂತವರ ಮುಖ ಬರೆಯುವುದು ಮುಂದಿನ ವಾರದ ಕೆಲಸ. ನಗಬೇಕೆಂದೂ ಹೇಳುವುದಿಲ್ಲ, ನಗಬಾರದೆಂದೂ ಹೇಳುವುದಿಲ್ಲ.

ಗೋಡೆಗಡಿಯಾರ
ಬರೆದದ್ದನ್ನು ಇಲ್ಲಿ ಹಾಕಿ ಸರ್. ಕೊಲ್ವಿಟ್ಸ್ ಬಗ್ಗೆ ನಾನು ಬೇರೆ ಚರ್ಚೆ ಆರಂಭಿಸುತ್ತೇನೆ, ಹಳೆಯ ಓದುಗ ಅವರು ಅಲ್ಲಿಗೆ ಬರಲಿ.